ಎರವಲು ಪುಸ್ತಕದಿಂದ ಎದ್ದು ಬಂದ ಗಣಿತಜ್ಞ

ಜೂನ್ ತಿಂಗಳು ಕಾಲಿಟ್ಟಿತೆಂದರೆ ದುಡಿದು ತಿನ್ನುವವರ ಮನೆಗಳಲ್ಲಿ ಪಠ್ಯಪುಸ್ತಕಗಳ ಚಿಂತೆ ತಲೆದೋರುತ್ತದೆ. ಕಾಲೇಜಿನ ಶುಲ್ಕವನ್ನು ಹೇಗೋ ಹೊಂದಿಸಿಕೊಂಡವರೂ ಪುಸ್ತಕಗಳ ಪಟ್ಟಿಯನ್ನು ಕಂಡು ಕಂಗೆಡುತ್ತಾರೆ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಓದುವ ತರುಣರ ಪಾಡನ್ನು ನಾವು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿದ್ದ ಕಾಲದಿಂದಲೂ ಬಲ್ಲೆವು. ಅಂಥವರ ಮುಂದೆ ಇಂದು ಶ್ರೀನಿವಾಸ ರಾಮಾನುಜನ್ ಅವರ ಜೀವನವನ್ನು ಇರಿಸಬಯಸುತ್ತೇವೆ.

ರಾಮಾನುಜನ್ನರು 1887ನೆಯ ಇಸವಿ ಡಿಸೆಂಬರ್ 22ರಂದು ಈರೋಡಿನಲ್ಲಿ ಜನಿಸಿ ಕುಂಭಕೋಣದಲ್ಲಿ ಬೆಳೆದರು. ತಂದೆ ಜವಳಿ ಅಂಗಡಿಯೊಂದರಲ್ಲಿ ಗುಮಾಸ್ತರು. ತಿಂಗಳ ಸಂಬಳ ಸುಮಾರು 20 ರೂಪಾಯಿ. ಅಷ್ಟರಿಂದ ಸಂಸಾರ ಸಾಗದೆ, ತಾಯಿ ಕೋಮಲತ್ತಮ್ಮಾಳ್ ದೇವಸ್ಥಾನದಲ್ಲಿ ಭಜನೆ ಹಾಡಿ ಅಷ್ಟಿಷ್ಟು ಗಳಿಸುತ್ತಿದ್ದರು. ಕಾಲೇಜು ವಿದ್ಯಾರ್ಥಿಗಳನ್ನು ಮನೆಯಲ್ಲಿ ಊಟ ವಸತಿಗೆ ಇರಿಸಿಕೊಳ್ಳುತ್ತಿದ್ದರು. ಇಂಥ ಮನೆಯಲ್ಲಿ ಪುಸ್ತಕಕ್ಕೆ ಹಣವೆಲ್ಲಿಯದು?

ಬಾಲಕನು ಆ ವಿದ್ಯಾರ್ಥಿಗಳಿಗೆ ತಿಳಿದಿದ್ದ ಗಣಿತವನ್ನೆಲ್ಲ ಹನ್ನೊಂದನೆಯ ವಯಸ್ಸಿಗೇ ಕಲಿತು ಮುಗಿಸಿದನು. ಬಳಿಕ ಲೋನಿಯವರ ತ್ರಿಕೋಣಮಿತಿಯ ಗ್ರಂಥವು ಎರವಲಾಗಿ ದೊರೆಯಿತು. ಹದಿಮೂರು ತುಂಬುವಷ್ಟರಲ್ಲಿ ಅದೂ ಕರಗತವಾಯಿತು. 1903ರಲ್ಲಿ ಮಿತ್ರನೊಬ್ಬನು ಸರಕಾರಿ ಕಾಲೇಜಿನ ಗ್ರಂಥಾಲಯದಿಂದ ಕಾರ್ ಎಂಬವರ ಗ್ರಂಥವನ್ನು ತಂದುಕೊಟ್ಟನು. ಅದೇನೂ ಹೊಸ ಪುಸ್ತಕವಲ್ಲ. 1880ರ ದಶಕದಲ್ಲಿ ಅಚ್ಚಾದದ್ದು. ಸುಮಾರು 5000 ಸೂತ್ರಗಳ ಪಟ್ಟಿ, ಸಾಧನೆಯ ವಿವರಣೆ ಬಹು ಕಡಿಮೆ. ರಾಮಾನುಜನ್ನರು ಒಂದೊಂದನ್ನೂ ತಾವೇ ಸಾಧಿಸತೊಡಗಿದರು. ಪುಸ್ತಕವನ್ನು ಹಿಂದಿರುಗಿಸಬೇಕಾಗಿತ್ತು, ಸಾಧಿಸಿದ್ದನ್ನು ಯಾರಿಗೂ ಹಿಂದಿರುಗಿಸಬೇಕಾಗಿರಲಿಲ್ಲ.

ಅವರ ದೋಷವನ್ನೂ ನಾವು ಮುಚ್ಚಿಡಲಾರೆವು. 1904ರಲ್ಲಿ ವಿದ್ಯಾರ್ಥಿವೇತನ ಪಡೆದು ಕಾಲೇಜು ಸೇರಿದ ಅವರು ಗಣಿತವೊಂದನ್ನೇ ಹಿಡಿದು ಇತರ ವಿಷಯಗಳನ್ನು ಅಲಕ್ಷಿಸಿದರು, ವೇತನ ಕೈತಪ್ಪಿತು. ಒಂದು ಅವಧಿಯ ಶುಲ್ಕ 32 ರೂಪಾಯಿ, ಅಂದರೆ ತಂದೆಯ ಒಂದೂವರೆ ತಿಂಗಳ ದುಡಿಮೆ. ಓದು ನಿಂತಿತು. 1906ರಲ್ಲಿ ಮದರಾಸಿನ ಪಚ್ಚೈಯಪ್ಪ ಕಾಲೇಜನ್ನು ಸೇರಿದರೂ ಪರೀಕ್ಷೆಯಲ್ಲಿ ಮತ್ತೆ ಸೋಲು. ಕಾಗದ ಕೊಳ್ಳಲು ಶಕ್ತಿಯಿಲ್ಲದೆ ಸ್ಲೇಟಿನ ಮೇಲೆ ಲೆಕ್ಕ ಮಾಡಿ, ಮೊಣಕೈಯಿಂದ ಒರೆಸಿ, ಕೊನೆಯ ಫಲವನ್ನು ಮಾತ್ರ ನೋಟುಪುಸ್ತಕದಲ್ಲಿ ಬರೆದಿಡುತ್ತಿದ್ದರು.

1912ರ ಮಾರ್ಚ್ 1ರಂದು ಮದರಾಸು ಬಂದರು ಕಚೇರಿಯಲ್ಲಿ 30 ರೂಪಾಯಿ ಸಂಬಳದ ಗುಮಾಸ್ತಿಕೆ ದೊರೆಯಿತು. ಮರುವರ್ಷದ ಜನವರಿಯಲ್ಲಿ ಈ ಗುಮಾಸ್ತರು ಕೇಂಬ್ರಿಜ್ಜಿನ ಹಾರ್ಡಿಯವರಿಗೆ ತಮ್ಮ ಸೂತ್ರಗಳನ್ನು ಬರೆದು ಕಳುಹಿಸಿದರು. 1914ರಲ್ಲಿ ಹಡಗು ಹತ್ತಿದರು. 1918ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆಗಿ, ಟ್ರಿನಿಟಿ ಕಾಲೇಜಿನ ಫೆಲೋ ಕೂಡ ಆದರು.

ಆದರೆ ನಮ್ಮ ಮನಸ್ಸನ್ನು ಹೆಚ್ಚಾಗಿ ಕಲಕುವುದು ಮುಂದಿನ ಸಂಗತಿ. ಮದರಾಸು ವಿಶ್ವವಿದ್ಯಾಲಯವು ಅವರಿಗೆ ವರ್ಷಕ್ಕೆ 250 ಪೌಂಡುಗಳನ್ನು ಮಂಜೂರು ಮಾಡಿತ್ತು. 1919ರ ಜನವರಿಯಲ್ಲಿ ಅವರು ಇಂಗ್ಲೆಂಡಿನಿಂದ ಬರೆದ ಪತ್ರದಲ್ಲಿ, ತಮಗೆ ಅಷ್ಟು ಹಣ ಬೇಕಿಲ್ಲವೆಂದೂ, ತಂದೆತಾಯಿಗಳಿಗೆ 50 ಪೌಂಡು ಸಲ್ಲಿಸಿ, ತಮ್ಮ ವೆಚ್ಚ ಕಳೆದು ಉಳಿದುದನ್ನು ಬಡ ಹಾಗೂ ಅನಾಥ ಬಾಲಕರ ಶುಲ್ಕ ತಗ್ಗಿಸಲು ಮತ್ತು ಶಾಲೆಗಳಿಗೆ ಪುಸ್ತಕ ಒದಗಿಸಲು ವಿನಿಯೋಗಿಸಬೇಕೆಂದೂ ತಿಳಿಸಿದರು. ಆ ಮಾರ್ಚಿನಲ್ಲಿ ಮುಂಬಯಿಯ ಬಂದರಿನಲ್ಲಿ ಇಳಿದಾಗ ದೇಹ ರೋಗದಿಂದ ಜರ್ಝರಿತವಾಗಿತ್ತು. 1920ರ ಏಪ್ರಿಲ್ 26ರಂದು, 32ನೆಯ ವಯಸ್ಸಿನಲ್ಲಿ, ಮದರಾಸಿನಲ್ಲಿ ತೀರಿಕೊಂಡರು.

ಪುಸ್ತಕ ಪರರ ಕೈಸೇರಿದರೆ ಹೋಯಿತೆಂದೇ ಲೆಕ್ಕ ಎಂದು ಹಿರಿಯರು ಹೇಳುವುದುಂಟು. ರಾಮಾನುಜನ್ನರ ಕೈಸೇರಿದ ಪುಸ್ತಕಗಳು ಹೋಗಲಿಲ್ಲ. ನೂರ್ಮಡಿಯಾಗಿ ಲೋಕಕ್ಕೆ ಹಿಂದಿರುಗಿದವು. ಲೋನಿಯನ್ನು ಎರವಲು ಕೊಟ್ಟ ಹುಡುಗನ ಹೆಸರನ್ನು ಇಂದು ಯಾರೂ ಹೇಳುವುದಿಲ್ಲ. ಅವನು ಕೊಡದಿದ್ದರೆ ಏನಾಗುತ್ತಿತ್ತೆಂಬುದನ್ನು ವಾಚಕರೇ ಊಹಿಸಲಿ. ಹಳೆಯ ಪುಸ್ತಕವನ್ನು ಕೇಳಿ ಪಡೆಯಲು ನಮ್ಮ ತರುಣರು ನಾಚಬೇಕಾಗಿಲ್ಲ. ಓದಿ ಮುಗಿಸಿದವರು ಅದನ್ನು ಅಟ್ಟಕ್ಕೇರಿಸುವ ಮುನ್ನ, ಪಕ್ಕದ ಕೋಣೆಯಲ್ಲಿ ಅದಕ್ಕಾಗಿ ಕಾದಿರುವವನೊಬ್ಬನನ್ನು ನೆನೆಯಲಿ.