ಕಿರಿದರಲ್ಲಿ ಹಿರಿದನ್ನು ಕಂಡ ವಿಲಿಯಂ ಫ್ರೂಡ್

ಲೋಕದಲ್ಲಿ ಹಿರಿದನ್ನು ಕಂಡು ಬೆರಗಾಗುವವರು ಬಹುಮಂದಿ. ಕಿರಿದರಲ್ಲಿ ಹಿರಿದರ ಗುಣವನ್ನು ಕಾಣಬಲ್ಲವರು ವಿರಳ. ಹಂದನಕೆರೆಯ ಸೀಮೆಯಲ್ಲಿ ತೆಂಗಿನ ಚಿಪ್ಪನ್ನು ನೀರಿನಲ್ಲಿ ತೇಲಿಬಿಟ್ಟು ಆಡದ ಬಾಲಕನಿರಲಾರನು. ಅಂತಹ ಆಟವನ್ನೇ ಶಾಸ್ತ್ರದ ಪದವಿಗೇರಿಸಿದ ಮಹನೀಯರೊಬ್ಬರ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಿದೆ.

ವಿಲಿಯಂ ಫ್ರೂಡ್ ಅವರು 1810ರಲ್ಲಿ ಇಂಗ್ಲೆಂಡಿನ ಡೆವನ್ ಪ್ರಾಂತ್ಯದ ಡಾರ್ಟಿಂಗ್ಟನ್ ಗ್ರಾಮದಲ್ಲಿ ಜನಿಸಿದರು. ತಂದೆ ಕ್ರೈಸ್ತ ಧರ್ಮಾಧಿಕಾರಿಗಳು; ಸೋದರ ಜೇಮ್ಸ್ ಆಂಟನಿ ಪ್ರಸಿದ್ಧ ಇತಿಹಾಸಕಾರರು. ಆಕ್ಸ್‌ಫರ್ಡಿನಲ್ಲಿ ಗಣಿತವನ್ನು ಪ್ರಥಮ ದರ್ಜೆಯಲ್ಲಿ ಮುಗಿಸಿದ ಫ್ರೂಡ್ ಅವರು, ವಿಖ್ಯಾತ ಎಂಜಿನಿಯರ್ ಬ್ರುನೆಲ್ ಅವರ ಕೈಕೆಳಗೆ ರೈಲುಮಾರ್ಗದ ಕಾರ್ಯದಲ್ಲಿ ತೊಡಗಿದರು. 1846ರಲ್ಲಿ ವೃದ್ಧ ತಂದೆಯ ಶುಶ್ರೂಷೆಗಾಗಿ ಆ ಉದ್ಯೋಗವನ್ನು ತ್ಯಜಿಸಿದರು. ಮುಂದೆ ಬ್ರುನೆಲ್ ಅವರೇ ತಮ್ಮ ಬೃಹನ್ನೌಕೆ ‘ಗ್ರೇಟ್ ಈಸ್ಟರ್ನ್’ ಅಲೆಗಳಲ್ಲಿ ಹೊಯ್ದಾಡುವ ಬಗೆಯನ್ನು ವಿಚಾರಿಸಬೇಕೆಂದು ಕೇಳಿಕೊಂಡರು. ಅಲ್ಲಿಂದ ನೌಕಾಶಾಸ್ತ್ರವೇ ಅವರ ಜೀವಿತವ್ರತವಾಯಿತು.

ಆ ಕಾಲದಲ್ಲಿ ಹಡಗನ್ನು ಕಟ್ಟಿ ನೀರಿಗಿಳಿಸಿದ ಮೇಲೆಯೇ ಅದರ ವೇಗವು ನಿಶ್ಚಯವಾಗಿ ತಿಳಿಯುತ್ತಿತ್ತು. ಎಣಿಕೆ ತಪ್ಪಿದರೆ ಅಪಾರ ದ್ರವ್ಯ ನಷ್ಟವಾಗುತ್ತಿತ್ತು. ಚಿಕ್ಕ ಮಾದರಿಗಳಿಂದ ಏನೂ ತಿಳಿಯಲಾರದೆಂಬುದು ಸ್ಕಾಟ್ ರಸೆಲ್ ಮೊದಲಾದ ಪ್ರೌಢರ ಮತ. ಫ್ರೂಡ್ ಅವರು 1867ರಲ್ಲಿ ‘ಹಂಸ’ ಮತ್ತು ‘ಕಾಗೆ’ ಎಂಬ ಅರ್ಥದ ಹೆಸರುಗಳನ್ನಿಟ್ಟು ಎರಡು ಆಕಾರದ ಮಾದರಿಗಳನ್ನು 3, 6 ಮತ್ತು 12 ಅಡಿ ಉದ್ದದಲ್ಲಿ ಮಾಡಿಸಿ ಡಾರ್ಟ್ ನದಿಯಲ್ಲಿ ಪರೀಕ್ಷಿಸಿದರು. ಚೂಪು ಮೂತಿಯ ಕಾಗೆ ಮಂದವೇಗದಲ್ಲಿ ಮೇಲಾಯಿತು; ವೇಗ ಹೆಚ್ಚಿದಾಗ ದುಂಡು ಮೂತಿಯ ಹಂಸವೇ ಗೆದ್ದಿತು. ಚೂಪಾದುದೇ ಸದಾ ಶ್ರೇಷ್ಠವೆಂಬ ನಂಬಿಕೆ ಅಲ್ಲಿಗೆ ಸಡಿಲವಾಯಿತು.

ಅವರ ಪ್ರತಿಭೆಯ ತಿರುಳು ವಿಂಗಡಣೆಯಲ್ಲಿದೆ. ಹಡಗಿಗೆ ನೀರು ಒಡ್ಡುವ ತಡೆಯಲ್ಲಿ ಮೈಯುಜ್ಜುವಿಕೆಯಿಂದಾದುದು ಒಂದು ಭಾಗ, ಅಲೆಗಳನ್ನೆಬ್ಬಿಸುವುದರಿಂದಾದುದು ಮುಖ್ಯವಾದ ಇನ್ನೊಂದು. ಇವೆರಡೂ ಒಂದೇ ಲೆಕ್ಕದಲ್ಲಿ ಬೆಳೆಯುವುದಿಲ್ಲ. ಮಾದರಿಗಿಂತ 16 ಮಡಿ ಉದ್ದದ ಹಡಗನ್ನು ಭಾವಿಸಿರಿ. 16ರ ವರ್ಗಮೂಲ 4. ಆದ್ದರಿಂದ ಹಡಗಿನ ವೇಗದ ನಾಲ್ಕರಲ್ಲೊಂದು ಪಾಲಿನಲ್ಲಿ ಮಾದರಿಯನ್ನು ಎಳೆದರೆ ಅಲೆಗಳ ವಿನ್ಯಾಸ ಸಮನಾಗುತ್ತದೆ. ಆಗ ಅಲೆಯ ತಡೆಯನ್ನು 16ರ ಘನದಿಂದ, ಎಂದರೆ 4096ರಿಂದ, ಗುಣಿಸಬಹುದು. ಉಜ್ಜುವಿಕೆಯನ್ನಾದರೋ ಹಲಗೆಗಳನ್ನು ನೀರಿನಲ್ಲೆಳೆದು ಬೇರೆಯಾಗಿಯೇ ಅಳೆದು ಗಣಿಸಬೇಕು.

ಬ್ರಿಟಿಷ್ ಅಸೋಸಿಯೇಷನ್ ನೇಮಿಸಿದ ಸಮಿತಿಯು ನಿಜವಾದ ಹಡಗುಗಳನ್ನೇ ಎಳೆದು ಪರೀಕ್ಷಿಸಬೇಕೆಂದು ಶಿಫಾರಸು ಮಾಡಿದಾಗ, ಅದರ ಸದಸ್ಯರಾಗಿದ್ದ ಫ್ರೂಡ್ ಅವರು ಭಿನ್ನಮತವನ್ನು ದಾಖಲಿಸಿದರು. 1870ರಲ್ಲಿ ನೌಕಾ ಇಲಾಖೆಯು 2000 ಪೌಂಡುಗಳನ್ನು ಮಂಜೂರು ಮಾಡಿತು. ಟಾರ್ಕಿಯಲ್ಲಿ ತಮ್ಮ ಮನೆಯ ಬಳಿಯೇ ಸುಮಾರು 280 ಅಡಿ ಉದ್ದದ ಕೊಳವನ್ನು ಕಟ್ಟಿಸಿ, ಪ್ಯಾರಾಫಿನ್ ಮೇಣದ ಮಾದರಿಗಳನ್ನು ಎರಕಹೊಯ್ದು, ಸಂಬಳವಿಲ್ಲದೆ ದುಡಿದರು. ತಮ್ಮ ಮಾದರಿಯನ್ನೂ ಅವರು ಕುರುಡಾಗಿ ನಂಬಲಿಲ್ಲ. ‘ಗ್ರೇಹೌಂಡ್’ ಎಂಬ ನಿಜನೌಕೆಯನ್ನು, ಮುಂದಿನ ಹಡಗಿನ ಪಕ್ಕಕ್ಕೆ ಚಾಚಿದ ದೂಲಕ್ಕೆ ಕಟ್ಟಿ ಎಳೆಸಿ, ಹಗ್ಗದ ಸೆಳೆತವನ್ನಳೆದರು. ಮಾದರಿಯ ಲೆಕ್ಕವೂ ನೌಕೆಯ ಲೆಕ್ಕವೂ ಹೊಂದಿಕೊಂಡವು. 1874ರಲ್ಲಿ ಅದು ಪ್ರಕಟವಾಯಿತು.

1879ರಲ್ಲಿ ದಕ್ಷಿಣ ಆಫ್ರಿಕೆಯ ಸೈಮನ್ಸ್‌ಟೌನಿನಲ್ಲಿ ಆಮಶಂಕೆಯಿಂದ ಅವರು ಕಾಲವಶರಾದರು. ನೌಕಾಪಡೆಯ ಗೌರವದೊಡನೆ ಅಂತ್ಯಕ್ರಿಯೆ ನಡೆಯಿತು. ಪುತ್ರ ಎಡ್ಮಂಡ್ ಅವರು ಹ್ಯಾಸ್ಲರಿನಲ್ಲಿ ಹೊಸ ಕೊಳವನ್ನು ಕಟ್ಟಿ ತಂದೆಯ ಕಾರ್ಯವನ್ನು ಮುಂದುವರಿಸಿದರು.

ಸಮುದ್ರವಿಲ್ಲದ ನಮ್ಮ ತೆಂಗಿನ ನಾಡಿಗೆ ಈ ಚರಿತ್ರೆಯೇಕೆ ಎನ್ನಬೇಡಿರಿ. ಅಣೆಕಟ್ಟಿನ ಕೋಡಿಯಲ್ಲಿ ನೀರು ಧುಮುಕುವ ಪರಿಯನ್ನು ಮಾದರಿಯಲ್ಲಿ ಪರೀಕ್ಷಿಸುವುದೂ ಫ್ರೂಡ್ ಅವರ ಹೆಸರಿನ ಸಂಖ್ಯೆಯನ್ನು ಆಧರಿಸಿಯೇ. ನಮ್ಮ ಕೃಷ್ಣರಾಜಸಾಗರದ ಸಂಶೋಧನಾ ಕೇಂದ್ರವೂ ಇಂತಹ ಮಾದರಿಗಳ ನೆಲೆ. ಶಾಲೆಯ ಪ್ರಯೋಗಶಾಲೆ ಚಿಕ್ಕದೆಂದು ಕೊರಗುವ ಕಾರಣವಿಲ್ಲ. ಕಿರಿದನ್ನು ಗುಣಿಸಿದ ಮಾತ್ರಕ್ಕೆ ಹಿರಿದು ದೊರೆಯದು. ಯಾವುದು ಬೆಳೆಯುತ್ತದೆ, ಎಷ್ಟು ಬೆಳೆಯುತ್ತದೆ ಎಂಬ ವಿವೇಕ ಬೇಕು. ಕಂಡುದನ್ನು ನಿಜದ ಎದುರಿಟ್ಟು ಒರೆಹಚ್ಚುವ ಧೈರ್ಯವೂ ಬೇಕು. ಇವೆರಡನ್ನು ಮಕ್ಕಳಿಗೆ ಕಲಿಸಿದ ಗುರುವಿನ ಶ್ರಮವೂ, ಅದಕ್ಕೆ ನೆರವಾದ ದಾನಿಯ ದ್ರವ್ಯವೂ ಸಾರ್ಥಕ.