ನಾಟಕರತ್ನ ಗುಬ್ಬಿ ವೀರಣ್ಣ

ಕನ್ನಡ ವೃತ್ತಿರಂಗಭೂಮಿಯ ಇತಿಹಾಸದಲ್ಲಿ ಗುಬ್ಬಿ ವೀರಣ್ಣನವರ ಹೆಸರು ಚಿರಸ್ಥಾಯಿಯಾದುದು. ಅವರು 1891ರಲ್ಲಿ ತುಮಕೂರು ಜಿಲ್ಲೆಯ ಗುಬ್ಬಿಯ ಸೀಮೆಯಲ್ಲಿ ಜನಿಸಿದರು. ಗುಬ್ಬಿಯಲ್ಲಿ 1884ರಲ್ಲಿಯೇ ಶ್ರೀ ಚನ್ನಬಸವೇಶ್ವರ ನಾಟಕ ಸಂಘವು ಸ್ಥಾಪಿತವಾಗಿತ್ತು. ಬಾಲನಟರಾಗಿ ಆ ಸಂಘವನ್ನು ಸೇರಿದ ವೀರಣ್ಣನವರಿಗೆ ರಂಗಸ್ಥಳವೇ ಪಾಠಶಾಲೆಯಾಯಿತು. 'ಸದಾರಮೆ' ನಾಟಕದ ಕಳ್ಳನ ಪಾತ್ರದಿಂದ ನಾಡನ್ನೆಲ್ಲ ನಗಿಸಿದ ಅವರು ಮುಂದೆ ಸಂಘದ ಒಡೆಯರೂ ಆದರು.

ನೋಡುವವರಿಗೆ ನಾಟಕವು ವಿನೋದ. ಆಡುವವರಿಗೆ ಅದು ಕಠಿನವಾದ ದುಡಿಮೆ. ಮಾತು, ಹಾಡು, ಅಭಿನಯಗಳ ತಾಲೀಮು ಬೇರೆ ಬೇರೆಯಾಗಿ ನಡೆಯುತ್ತದೆ. ಪ್ರದರ್ಶನಕ್ಕೆ ಮುನ್ನ ನಡೆಯುವ ಕೊನೆಯ ಪೂರ್ಣ ತಾಲೀಮಿನಲ್ಲಿ ಇವೆಲ್ಲವೂ ಒಂದುಗೂಡಬೇಕು. ವೇಷಭೂಷಣ, ಪರದೆ, ದೀಪ, ಹಾರ್ಮೋನಿಯಂ, ತಬಲಗಳೆಲ್ಲ ಅಂದು ಸಜ್ಜಾಗಿರುತ್ತವೆ. ಪ್ರೇಕ್ಷಕರು ಮಾತ್ರ ಇರುವುದಿಲ್ಲ. ತಪ್ಪನ್ನು ತಿದ್ದಿಕೊಳ್ಳಲು ಅದೇ ಕಡೆಯ ಅವಕಾಶ.

ವೀರಣ್ಣನವರ ಸಾಹಸಗಳಿಗೆ ಇಂತಹ ಸಿದ್ಧತೆ ಅನಿವಾರ್ಯವಾಗಿತ್ತು. 1934ರಲ್ಲಿ ಅವರು 'ಕುರುಕ್ಷೇತ್ರ' ನಾಟಕದಲ್ಲಿ ಜೀವಂತ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದರು. ನಟನು ಮಾತು ಮರೆತರೆ ಮರೆಯಲ್ಲಿದ್ದವರು ನೆನಪಿಸಬಹುದು. ಆನೆ ಬೆದರಿದರೆ ನೆನಪಿಸುವವರಾರು? ದೀಪಗಳ ಪ್ರಖರತೆಗೂ ರಣವಾದ್ಯಗಳ ಅಬ್ಬರಕ್ಕೂ ಮೂಕಪ್ರಾಣಿಗಳು ಒಗ್ಗಿಕೊಳ್ಳಬೇಕು; ಅವುಗಳ ನಡುವೆ ನಿಂತು ನಟರು ಅಳುಕದೆ ಹಾಡಬೇಕು. ಒಂದು ಸಣ್ಣ ಅಜಾಗರೂಕತೆಯೂ ಪ್ರಾಣಾಪಾಯಕ್ಕೆ ದಾರಿಯಾಗಬಹುದಾಗಿತ್ತು. ಸಂಘವನ್ನೇ ನಂಬಿದ್ದ ನೂರಾರು ಮಂದಿಯ ಅನ್ನವೂ ಅದರ ಯಶಸ್ಸನ್ನು ಅವಲಂಬಿಸಿತ್ತು.

ತೆರೆಯ ಹಿಂದಿನ ಈ ಶ್ರಮ ಪ್ರೇಕ್ಷಕರ ಕಣ್ಣಿಗೆ ಬೀಳುವುದಿಲ್ಲ. ಬೆಂಗಳೂರಿನ ರಂಗಮಂದಿರದಲ್ಲಿ ಕುಳಿತ ನಗರವಾಸಿಯಾಗಲಿ, ಕಲಬುರಗಿಯ ಶರಣಬಸವೇಶ್ವರ ಜಾತ್ರೆಗೆ ಬಂದು ನಾಟಕದ ಡೇರೆ ಹೊಕ್ಕ ಕಮಲಾಪುರದ ರೈತನಾಗಲಿ ಕಾಣುವುದು ಆಟದ ಸೊಬಗನ್ನು ಮಾತ್ರ. ಆದರೆ ಆ ಸೊಬಗಿನ ಬೇರು ಇರುವುದು ತಾಲೀಮಿನಲ್ಲಿಯೇ.

ಸ್ತ್ರೀಪಾತ್ರಗಳನ್ನೂ ಪುರುಷರೇ ವಹಿಸುತ್ತಿದ್ದ ಕಾಲದಲ್ಲಿ ವೀರಣ್ಣನವರು ಸ್ತ್ರೀಯರಿಗೆ ರಂಗದ ಮೇಲೆ ಅವಕಾಶ ನೀಡಿದರು. ಅವರ ಸಂಘದ ಶಿಸ್ತಿನಲ್ಲಿ ಪಳಗಿದವರು ಅನೇಕರು. ಚಲನಚಿತ್ರ ನಟ ರಾಜ್‌ಕುಮಾರ್, ರಂಗನಿರ್ದೇಶಕ ಬಿ. ವಿ. ಕಾರಂತ ಮೊದಲಾದವರು ಎಳೆಯ ವಯಸ್ಸಿನಲ್ಲಿ ಅಲ್ಲಿಯೇ ರಂಗಪಾಠ ಕಲಿತರು.

1972ರಲ್ಲಿ ಭಾರತ ಸರ್ಕಾರವು ವೀರಣ್ಣನವರಿಗೆ 'ಪದ್ಮಶ್ರೀ' ಪ್ರಶಸ್ತಿಯನ್ನಿತ್ತು ಗೌರವಿಸಿತು. ಅದೇ ವರ್ಷ ಅವರು ಕಾಲವಶರಾದರು. ಯಾರೂ ನೋಡದಿರುವಾಗಲೂ ಕೆಲಸವನ್ನು ನಿಷ್ಠೆಯಿಂದ ಮಾಡುವವನೇ ಎಲ್ಲರೂ ನೋಡುವಾಗ ಗೆಲ್ಲುತ್ತಾನೆ ಎಂಬುದಕ್ಕೆ ಅವರ ಬಾಳು ನಿದರ್ಶನವಾಗಿದೆ.