ಕೆಟ್ಟ ಪ್ರಯೋಗ, ಗಟ್ಟಿ ಪೈಪು: ಕಾರ್ಲ್ ಝೀಗ್ಲರ್ ಕಥೆ

ರಸ್ತೆ ಅಗೆಯುವ ಕಡೆ ಕಪ್ಪು ಬಣ್ಣದ, ಉದ್ದಕ್ಕೂ ನೀಲಿ ಗೆರೆ ಇರೋ ನೀರಿನ ಪೈಪನ್ನ ಸುರುಳಿ ಸುತ್ತಿ ಇಟ್ಟಿರೋದನ್ನ ನೀವೆಲ್ಲ ನೋಡಿರ್ತೀರಿ. ಅದೇ ಎಚ್‌ಡಿಪಿಇ, ಅಂದರೆ ಹೆಚ್ಚು ಸಾಂದ್ರತೆಯ ಪಾಲಿಎಥಿಲೀನ್. ಒಮ್ಮೆ ಮಣ್ಣೊಳಗೆ ಹೋದರೆ ಐವತ್ತು ವರ್ಷ ಒತ್ತಡ ತಡೆದುಕೊಂಡಿರಬೇಕು ಅನ್ನೋ ಲೆಕ್ಕದಲ್ಲಿ ಅದನ್ನು ಮಾಡಿರ್ತಾರೆ. ತಮಾಷೆ ಅಂದ್ರೆ, ಈ ಪ್ಲಾಸ್ಟಿಕ್ಕಿಗೆ ದಾರಿ ಮಾಡಿಕೊಟ್ಟ ಕಾರ್ಲ್ ಝೀಗ್ಲರ್ ಪ್ಲಾಸ್ಟಿಕ್ ಮಾಡೋಕೆ ಅಂತ ಹೊರಟವರೇ ಅಲ್ಲ.

ಝೀಗ್ಲರ್ ಹುಟ್ಟಿದ್ದು 1898ರ ನವೆಂಬರ್ 26ರಂದು, ಜರ್ಮನಿಯ ಕಾಸೆಲ್ ಹತ್ತಿರದ ಹೆಲ್ಸಾ ಎಂಬ ಊರಲ್ಲಿ. ತಂದೆ ಚರ್ಚಿನ ಪಾದ್ರಿ. ಹುಡುಗನಿಗೆ ಚಿಕ್ಕಂದಿನಿಂದಲೂ ಮನೆಯಲ್ಲೇ ಪ್ರಯೋಗ ಮಾಡುವ ಹುಚ್ಚು. ಮಾರ್ಬುರ್ಗ್ ವಿಶ್ವವಿದ್ಯಾಲಯ ಸೇರುವ ಹೊತ್ತಿಗೆ ಎಷ್ಟು ಕಲಿತಿದ್ದರು ಅಂದ್ರೆ, ಮೊದಲ ಎರಡು ಸೆಮಿಸ್ಟರ್ ಓದೋ ಅಗತ್ಯವೇ ಬೀಳಲಿಲ್ಲ. (ನಮಗೂ ಅಂಥ ಯೋಗ ಇದ್ದಿದ್ದರೆ!) 1920ರಲ್ಲಿ ಡಾಕ್ಟರೇಟ್ ಮುಗಿಸಿ, ಫ್ರಾಂಕ್‌ಫರ್ಟ್, ಹೈಡೆಲ್‌ಬರ್ಗ್, ಹಾಲೆ ಊರುಗಳಲ್ಲಿ ಪಾಠ ಮಾಡಿದರು.

1943ರಲ್ಲಿ ಮ್ಯೂಲ್‌ಹೈಮ್‌ನ ಕಲ್ಲಿದ್ದಲು ಸಂಶೋಧನಾ ಸಂಸ್ಥೆ ಅವರನ್ನು ನಿರ್ದೇಶಕರಾಗಿ ಕರೆಯಿತು. ಬರೀ ಕಲ್ಲಿದ್ದಲಿಗೆ ಅಂಟಿಕೊಳ್ಳೋಕೆ ಝೀಗ್ಲರ್‌ಗೆ ಮನಸ್ಸಿರಲಿಲ್ಲ. ಇಂಗಾಲದ ಸಂಯುಕ್ತಗಳ ರಸಾಯನಶಾಸ್ತ್ರದಲ್ಲಿ ನನಗೆ ಬೇಕಾದ್ದನ್ನು ಮಾಡೋಕೆ ಬಿಡಬೇಕು ಅಂತ ಷರತ್ತು ಹಾಕಿದರು. ಸಂಸ್ಥೆ ಒಪ್ಪಿತು. ಹತ್ತು ವರ್ಷ ಕಳೆದ ಮೇಲೆ ಆ ಷರತ್ತಿನ ಬೆಲೆ ಗೊತ್ತಾಯಿತು.

ಆಗ ಅವರ ಕೆಲಸ ನಡೆದಿದ್ದು ಅಲ್ಯೂಮಿನಿಯಂ ಸಂಯುಕ್ತಗಳ ಮೇಲೆ. ಟ್ರೈಎಥಿಲ್ ಅಲ್ಯೂಮಿನಿಯಂ ಜೊತೆ ಎಥಿಲೀನ್ ಅನಿಲವನ್ನು ಒತ್ತಡದಲ್ಲಿ ಕಾಯಿಸಿದರೆ, ಎಥಿಲೀನ್ ಅಣುಗಳು ಒಂದಕ್ಕೊಂದು ಸೇರಿ ಸರಪಳಿ ಬೆಳೆಯುತ್ತಿತ್ತು. 1953ರಲ್ಲಿ ಅವರ ವಿದ್ಯಾರ್ಥಿ ಹೋಲ್ಜ್‌ಕಾಂಪ್ ಇದೇ ಪ್ರಯೋಗ ಮಾಡಿದಾಗ ಉದ್ದ ಸರಪಳಿ ಬರಲೇ ಇಲ್ಲ. ಎರಡೇ ಎಥಿಲೀನ್ ಸೇರಿ ಆಗುವ ಬ್ಯೂಟೀನ್ ಎಂಬ ಅನಿಲ ಬಂತು. ನಾವಾಗಿದ್ದರೆ ರೀಡಿಂಗ್ ಅಳಿಸಿ ಮತ್ತೆ ಮಾಡ್ತಿದ್ವೇನೋ. ಇವರು ಹಾಗೆ ಬಿಡದೆ ಕಾರಣ ಹುಡುಕುತ್ತಾ ಕೂತರು. ಕೊನೆಗೆ ಸಿಕ್ಕಿದ್ದು ಪಾತ್ರೆಯಲ್ಲಿ ಉಳಿದಿದ್ದ ನಿಕಲ್ ಲೋಹದ ಚೂರುಪಾರು. ಅಷ್ಟೇ ಅಷ್ಟು ನಿಕಲ್, ಸರಪಳಿ ಬೆಳೆಯೋದನ್ನೇ ನಿಲ್ಲಿಸಿಬಿಟ್ಟಿತ್ತು.

ಒಂದು ಲೋಹ ಹೀಗೆ ಮಾಡಿದರೆ ಬೇರೆಯವು ಏನು ಮಾಡ್ತವೆ? ಒಂದೊಂದಾಗಿ ಪರೀಕ್ಷೆ ಶುರುವಾಯಿತು. ಬ್ರೈಲ್ ಎಂಬ ವಿದ್ಯಾರ್ಥಿ ಜಿರ್ಕೋನಿಯಂ ಸಂಯುಕ್ತ ಹಾಕಿದಾಗ ಪಾತ್ರೆ ತುಂಬ ಬಿಳಿಯ ಪಾಲಿಎಥಿಲೀನ್! ಆಮೇಲೆ ಮಾರ್ಟಿನ್ ಎಂಬ ಸಹೋದ್ಯೋಗಿ ಟೈಟಾನಿಯಂ ಟೆಟ್ರಾಕ್ಲೋರೈಡ್ ಬಳಸಿದಾಗ ಒತ್ತಡವೇ ಬೇಕಾಗಲಿಲ್ಲ. ಗಾಜಿನ ಜಾಡಿಯಲ್ಲೇ ಪಾಲಿಮರ್ ತಯಾರು. 1953ರ ನವೆಂಬರ್‌ನಲ್ಲಿ ಪೇಟೆಂಟ್ ಅರ್ಜಿ ಹೋಯಿತು.

ಪಾಲಿಎಥಿಲೀನ್ ಅದಕ್ಕೆ ಮುಂಚೆಯೂ ಇತ್ತು. 1933ರಲ್ಲಿ ಇಂಗ್ಲೆಂಡಿನಲ್ಲಿ ಸಿಕ್ಕ ಆ ಬಗೆಯದನ್ನು ಮಾಡೋಕೆ ಸಾವಿರ ಅಟ್ಮಾಸ್ಫಿಯರ್‌ಗೂ ಮೀರಿದ ಒತ್ತಡ ಬೇಕಿತ್ತು. ಅದರ ಸರಪಳಿಗಳ ತುಂಬ ಕವಲು. ಮುಳ್ಳುಕೊಂಬೆಗಳ ರಾಶಿ ಹೇಗೆ ಒತ್ತೊತ್ತಾಗಿ ಕೂರಲ್ವೋ ಹಾಗೆ ಇವೂ ಕೂರಲ್ಲ. ಆದ್ದರಿಂದ ಅದು ಮೆತ್ತಗೆ, ಸುಮಾರು 110 ಡಿಗ್ರಿಗೇ ಕರಗುತ್ತೆ. ಝೀಗ್ಲರ್ ಸರಪಳಿಗಳು ನೇರ. ಪ್ಯಾಕೆಟ್ಟಿನಲ್ಲಿ ಜೋಡಿಸಿದ ಊದಿನಕಡ್ಡಿ ಥರ ಒಂದರ ಪಕ್ಕ ಒಂದು ಕೂತು ಸ್ಫಟಿಕವಾಗುತ್ತವೆ. ಅದಕ್ಕೇ ಹೆಚ್ಚು ಗಟ್ಟಿ. ಕರಗೋಕೆ ಸುಮಾರು 130 ಡಿಗ್ರಿ ಬೇಕು. ಕುದಿಯುವ ನೀರು ಸುರಿದರೂ ಕರಗಲ್ಲ. ಅಮೆರಿಕದ ಫಿಲಿಪ್ಸ್ ಕಂಪನಿಯ ಹೋಗನ್ ಮತ್ತು ಬ್ಯಾಂಕ್ಸ್ ಕೂಡ ಇಂಥದ್ದೇ ವಸ್ತುವನ್ನು ಕ್ರೋಮಿಯಂ ಬಳಸಿ ತಾವಾಗಿಯೇ ಕಂಡುಹಿಡಿದಿದ್ದರು.

ಆದರೆ ಲ್ಯಾಬಿನಲ್ಲಿ ಎಳೆದು ನೋಡಿದಾಗ ಗಟ್ಟಿ ಇದ್ದದ್ದು ವರ್ಷಗಟ್ಟಲೆ ಗಟ್ಟಿ ಇರುತ್ತೆ ಅಂತೇನಿಲ್ಲ. ತಡೆಯಬಲ್ಲ ಮಿತಿಗಿಂತ ಎಷ್ಟೋ ಕಡಿಮೆ ಭಾರ ಸತತವಾಗಿ ಬಿದ್ದರೂ ಮೊದಮೊದಲ ಎಚ್‌ಡಿಪಿಇ ಸಾಮಾನುಗಳು ಕೆಲವು ಕಾಲದ ನಂತರ ಬಿರುಕು ಬಿಡುತ್ತಿದ್ದವು. ಸೋಪಿನ ನೀರು ತಾಗಿದರೆ ಇನ್ನೂ ಬೇಗ. ಕಾರಣ ಏನಪ್ಪಾ ಅಂದ್ರೆ, ಒಂದು ಸ್ಫಟಿಕದಿಂದ ಇನ್ನೊಂದಕ್ಕೆ ಹಾದು ಎರಡನ್ನೂ ಕಟ್ಟಿ ಹಿಡಿಯುವ ಸರಪಳಿಗಳು, ನುಣ್ಣಗೆ ನೇರ ಇದ್ದರೆ, ಎಳೆತಕ್ಕೆ ಮೆಲ್ಲಗೆ ಜಾರಿ ಹೊರಬರುತ್ತವೆ. ಬಿಸಿ ಹೆಚ್ಚಾದಷ್ಟೂ ಜಾರೋದು ಜೋರು. ಈಗಲೂ 20 ಡಿಗ್ರಿಯಲ್ಲಿ ಐವತ್ತು ವರ್ಷ ಬಾಳುವ ಪೈಪೋ ಅಲ್ಲವೋ ಅಂತ ತಿಳಿಯೋಕೆ 80 ಡಿಗ್ರಿ ಬಿಸಿನೀರಿನಲ್ಲಿ ಒತ್ತಡ ಕೊಟ್ಟು ಪರೀಕ್ಷೆ ಮಾಡ್ತಾರೆ. ನೀರು 40 ಡಿಗ್ರಿ ಇದ್ದರೆ ಪೈಪಿಗೆ ಕೊಡಬಹುದಾದ ಒತ್ತಡವನ್ನು ಸುಮಾರು ಮುಕ್ಕಾಲಿಗೆ ಇಳಿಸಬೇಕು.

ಈ ಬಿರುಕಿಗೆ ಮದ್ದು ಯಾವುದು ಗೊತ್ತಾ? ಎಥಿಲೀನ್ ಜೊತೆ ಸ್ವಲ್ಪವೇ ಸ್ವಲ್ಪ ಬ್ಯೂಟೀನ್ ಬೆರೆಸೋದು. ಹೌದು, ಅವತ್ತು ಪ್ರಯೋಗ ಕೆಡಿಸಿದ್ದ ಅದೇ ಬ್ಯೂಟೀನ್! ಅದರಿಂದ ಸರಪಳಿಗೆ ಅಲ್ಲೊಂದು ಇಲ್ಲೊಂದು ಪುಟ್ಟ ಕವಲು ಬರುತ್ತೆ. ಕವಲು ಸ್ಫಟಿಕಕ್ಕೆ ಸಿಕ್ಕಿಕೊಂಡು ಸರಪಳಿಯನ್ನು ಜಾರಲು ಬಿಡಲ್ಲ. ಗಡಸುತನ ತುಸು ಕಡಿಮೆಯಾದರೂ ಆಯುಷ್ಯ ಎಷ್ಟೋ ಪಾಲು ಹೆಚ್ಚುತ್ತೆ.

ಇಟಲಿಯ ಜೂಲಿಯೋ ನಟ್ಟಾ ಇದೇ ಕ್ಯಾಟಲಿಸ್ಟ್ ಬಳಸಿ 1954ರಲ್ಲಿ ಪಾಲಿಪ್ರೊಪಿಲೀನ್ ಮಾಡಿದರು. ಅದರ ಪೇಟೆಂಟ್ ವಿಚಾರದಲ್ಲಿ ಇಬ್ಬರ ನಡುವೆ ಮನಸ್ತಾಪವೂ ಆಯಿತು. ಆದರೂ 1963ರ ನೊಬೆಲ್ ಇಬ್ಬರಿಗೂ ಸೇರಿ ಬಂತು.

ಪೇಟೆಂಟಿನಿಂದ ಝೀಗ್ಲರ್ ಬಹಳ ಶ್ರೀಮಂತರಾದರು. ಎಪ್ಪತ್ತು ತುಂಬಿದಾಗ ಸಂಸ್ಥೆಯ ಸಂಶೋಧನೆಗೆಂದು 4 ಕೋಟಿ ಮಾರ್ಕ್ ನಿಧಿ ಇಟ್ಟರು. 1972ರಲ್ಲಿ ಮೊಮ್ಮಗನ ಜೊತೆ ಗ್ರಹಣ ನೋಡಲು ಹಡಗಿನಲ್ಲಿ ಹೋದಾಗ ಕಾಯಿಲೆ ಬಿದ್ದರು. 1973ರ ಆಗಸ್ಟ್‌ನಲ್ಲಿ ತೀರಿಕೊಂಡರು.

ಮುಂದಿನ ಸಲ ಲ್ಯಾಬಿನಲ್ಲಿ ಬರಬೇಕಾದ ಉತ್ತರ ಬರದಿದ್ದರೆ, ಪಕ್ಕದವರ ರೆಕಾರ್ಡ್ ನೋಡೋಕೆ ಮುಂಚೆ ಒಮ್ಮೆ ಪಾತ್ರೆ ನೋಡಿ.